ಪಕ್ಕಕ್ಕಿಟ್ಟ ಎಲೆಗಳು: ಇಸ್ಪೀಟಿನ ಒಂದು ಭವಿಷ್ಯವಾಣಿಯ ವಿಮರ್ಶೆ

ವಿಮರ್ಶೆ ಎಂದೊಡನೆ ನಮ್ಮ ವಾರ್ತಾಪತ್ರದ ಓದುಗರು ಒಂದು ಕಾದಂಬರಿಯನ್ನೋ, ನಾಟಕ ಪ್ರಯೋಗವನ್ನೋ, ಹೊಸದಾಗಿ ಬಂದ ಭಾವಗೀತೆಗಳ ಕ್ಯಾಸೆಟ್ಟನ್ನೋ ನೆನೆಯುವುದು ವಾಡಿಕೆ. ಈ ಸಲ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಇವು ಯಾವುದೂ ಅಲ್ಲ, ಇಸ್ಪೀಟೆಲೆಗಳ ಒಂದು ಜಾದೂ. ಇದಕ್ಕೂ ವಿಮರ್ಶೆಯೇ ಎಂದು ಹುಬ್ಬೇರಿಸುವವರಿಗೆ ನಮ್ಮ ಉತ್ತರ ಇಷ್ಟೆ. ಈ ಜಾದೂಗೆ ಒಬ್ಬ ಕರ್ತೃ ಇದ್ದಾನೆ, ಹುಟ್ಟಿದ ವರ್ಷ ಇದೆ, ಗುಣವಿದೆ, ದೋಷವಿದೆ. ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಬಾಳಿದ ಕೃತಿಯನ್ನು ತೂಗಿ ನೋಡುವುದರಲ್ಲಿ ತಪ್ಪೇನೂ ಕಾಣದು. ಮೇಲಾಗಿ ಇದು ಹುಟ್ಟಿದ್ದು ನಾವು ನೆಲೆಸಿರುವ ಒಂಟಾರಿಯೋದಲ್ಲೇ.

ಮಿಷಿಗನ್‌ನಲ್ಲಿರುವ ಬಂಧುಗಳ ಮನೆಗೆ 402ನೇ ಹೆದ್ದಾರಿ ಹಿಡಿದು, ಸಾರ್ನಿಯಾ ಸೇತುವೆ ದಾಟಿ ಹೋಗುವ ಸದಸ್ಯರು ನಮ್ಮಲ್ಲಿ ಹಲವರಿದ್ದಾರೆ. ಆ ಸೇತುವೆಯಿಂದ ದಕ್ಷಿಣಕ್ಕೆ ಸೇಂಟ್ ಕ್ಲೇರ್ ನದಿಯ ದಡದಲ್ಲಿ ಕೋರ್ಟ್‌ರೈಟ್ ಎಂಬ ಚಿಕ್ಕ ಊರಿದೆ. ಅಲ್ಲಿ ಬಾಳಿ ಬದುಕಿದವರು ಸ್ಟೀವರ್ಟ್ ಜೇಮ್ಸ್ (1908–1996). ರಂಗದ ಮೇಲೆ ಮೆರೆದ ಜಾದೂಗಾರರಲ್ಲ ಇವರು. ಇತರ ಜಾದೂಗಾರರಿಗೆ ಹೊಸ ಹೊಸ ಜಾದೂಗಳನ್ನು ಹೊಸೆದು ಕೊಟ್ಟವರು. 1936ರಲ್ಲಿ, ತಮ್ಮ 28ನೆಯ ವಯಸ್ಸಿನಲ್ಲಿ, ‘ಮಿರಾಸ್ಕಿಲ್’ ಎಂಬ ಹೆಸರಿನ ಒಂದು ಜಾದೂವನ್ನು ಅಮೆರಿಕದ ‘ದಿ ಜಿಂಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಥಿಯೊಡೋರ್ ಅನೆಮನ್ ಎಂಬ ಜಾದೂಗಾರರು 1934ರಲ್ಲಿ ಆರಂಭಿಸಿದ ಆ ಪತ್ರಿಕೆ ನಮ್ಮ ವಾರ್ತಾಪತ್ರದ ಹಾಗೆ ಕೆಲವೇ ಹಾಳೆಗಳದು. ಓದುಗರೂ ಒಂದೇ ಕಸುಬಿನ ನಂಟಿನವರು. ಹಾಗಾಗಿ ಅಲ್ಲಿ ಬಂದದ್ದು ಬಹುಕಾಲ ಅಲ್ಲೇ ಉಳಿಯುತ್ತಿತ್ತು.

ಅದನ್ನು ಎಲ್ಲರ ಕೈಗೂ ಎಟುಕಿಸಿದವರು ಮಾರ್ಟಿನ್ ಗಾರ್ಡ್ನರ್ (1914–2010). ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಅವರು ಕಾಲು ಶತಮಾನ ಬರೆದ ಗಣಿತ ವಿನೋದದ ಅಂಕಣವನ್ನು ಓದಿ ಗಣಿತದತ್ತ ತಿರುಗಿದವರು ಎಷ್ಟೋ ಮಂದಿ. ವಿಚಿತ್ರವೆಂದರೆ ಅವರ ಪದವಿ ಗಣಿತದ್ದಲ್ಲ, ತತ್ತ್ವಶಾಸ್ತ್ರದ್ದು. ಆ ಅಂಕಣಕ್ಕೂ ಮುನ್ನ, 1956ರಲ್ಲಿ, ಅವರು ‘ಮ್ಯಾಥಮೆಟಿಕ್ಸ್, ಮ್ಯಾಜಿಕ್ ಅಂಡ್ ಮಿಸ್ಟರಿ’ ಎಂಬ ಪುಸ್ತಕ ಬರೆದರು. ಕೈಚಳಕದ ಹಂಗಿಲ್ಲದೆ, ಬರೀ ಗಣಿತದ ಬಲದಿಂದ ನಡೆಯುವ ಜಾದೂಗಳ ಸಂಗ್ರಹ ಅದು. ಜೇಮ್ಸ್ ಅವರ ಈ ಜಾದೂ ಅದರ ಇಸ್ಪೀಟು ಭಾಗದಲ್ಲಿ ಬರುತ್ತದೆ.

ನೋಡುವವರ ಕಣ್ಣಿಗೆ

ಮೊದಲು ಪ್ರೇಕ್ಷಕರಿಗೆ ಕಾಣುವುದೇನು ಎಂಬುದನ್ನು ಹೇಳೋಣ. ಆಡಿಸುವವರು ಒಂದು ಇಸ್ಪೀಟು ಕಟ್ಟನ್ನು ಮೇಜಿನ ಮೇಲಿಟ್ಟು, ಪ್ರೇಕ್ಷಕರಲ್ಲಿ ಒಬ್ಬರನ್ನು ಕರೆಯುತ್ತಾರೆ. ಆ ಒಬ್ಬರು ಅಜ್ಜಿ ಎಂದೇ ಇಟ್ಟುಕೊಳ್ಳೋಣ. ಅಜ್ಜಿ ಎಲೆಗಳನ್ನು ತಮಗೆ ತೃಪ್ತಿಯಾಗುವವರೆಗೆ ಕಲಸುತ್ತಾರೆ. ಬೇಕಾದರೆ ಪಕ್ಕದವರಿಗೂ ಕೊಟ್ಟು ಕಲಸಿಸುತ್ತಾರೆ. ಆಡಿಸುವವರು ಒಂದು ಚೀಟಿಯಲ್ಲಿ ಏನೋ ಬರೆದು, ಮಡಚಿ, ಎಲ್ಲರಿಗೂ ಕಾಣುವಂತೆ ಒಂದು ಲೋಟದ ಕೆಳಗಿಡುತ್ತಾರೆ. ಅಲ್ಲಿಂದ ಮುಂದೆ ಅವರು ಎಲೆಗಳನ್ನು ಮುಟ್ಟುವುದಿಲ್ಲ.

ಅಜ್ಜಿ ಮೇಲಿನಿಂದ ಎರಡೆರಡು ಎಲೆಗಳನ್ನು ತೆಗೆದು ತಿರುಗಿಸಿ ನೋಡುತ್ತಾರೆ. ಎರಡೂ ಕೆಂಪಾಗಿದ್ದರೆ, ಅಂದರೆ ಆಟೀನು ಇಲ್ಲವೇ ಡೈಮನ್ ಆಗಿದ್ದರೆ, ಬಲಗಡೆಗೆ. ಎರಡೂ ಕಪ್ಪಾಗಿದ್ದರೆ, ಅಂದರೆ ಇಸ್ಪೀಟು ಇಲ್ಲವೇ ಕಳಾವರ್ ಆಗಿದ್ದರೆ, ಎಡಗಡೆಗೆ. ಒಂದು ಕೆಂಪು ಒಂದು ಕಪ್ಪು ಬಂದರೆ ಆ ಜೋಡಿ ಯಾರಿಗೂ ಸೇರಿದ್ದಲ್ಲ. ಅದನ್ನು ಪಕ್ಕಕ್ಕೆ ಇಡುವುದು. ಹೀಗೆ ಕಟ್ಟು ಮುಗಿಯುವವರೆಗೆ. ಆಮೇಲೆ ಕೆಂಪು ಗುಡ್ಡೆಯನ್ನೂ ಕಪ್ಪು ಗುಡ್ಡೆಯನ್ನೂ ಎಣಿಸುತ್ತಾರೆ. ಕೆಂಪು 14, ಕಪ್ಪು 10 ಬಂತೆನ್ನೋಣ. ಲೋಟದ ಕೆಳಗಿನ ಚೀಟಿ ಬಿಡಿಸಿದರೆ ಅದರಲ್ಲಿ ‘ಕಪ್ಪಿಗಿಂತ ಕೆಂಪು ನಾಲ್ಕು ಹೆಚ್ಚು’ ಎಂದಿರುತ್ತದೆ.

ಕಾಕತಾಳೀಯ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗ ಎಲೆಗಳನ್ನೆಲ್ಲ ಕೂಡಿಸಿ, ಹಾಗೆ ಹೇಳಿದವರ ಕೈಗೇ ಕೊಟ್ಟು ಮತ್ತೆ ಕಲಸಲು ಹೇಳಬೇಕು. ಹೊಸ ಚೀಟಿ, ಅದೇ ವಿಧಾನ. ಈ ಸಲ ಎಣಿಸಿದರೆ ಕೆಂಪು 12, ಕಪ್ಪು 12. ಚೀಟಿಯಲ್ಲಿ ‘ಈ ಸಲ ಎರಡೂ ಸಮ’ ಎಂದಿರುತ್ತದೆ.

52 ಎಲೆಗಳನ್ನು ಒಂದರ ಹಿಂದೊಂದು ಜೋಡಿಸಬಹುದಾದ ಕ್ರಮಗಳ ಸಂಖ್ಯೆಯನ್ನು ಬರೆದರೆ 68 ಅಂಕಿಗಳಾಗುತ್ತವೆ. ಚೆನ್ನಾಗಿ ಕಲಸಿದ ಒಂದು ಕಟ್ಟಿನ ಕ್ರಮ ಹಿಂದೆ ಎಂದೂ ಯಾರ ಕೈಯಲ್ಲೂ ಬಂದಿರಲಿಕ್ಕಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಅಂಥ ಕಟ್ಟಿನ ಫಲವನ್ನು ಮುಂಚೆಯೇ ಬರೆದಿಡುವುದು ಅಸಾಧ್ಯವೆಂದು ತೋರುವುದು ಸಹಜವೇ.

ಗುಟ್ಟು

ಜಾದೂವಿನ ಗುಟ್ಟನ್ನು ಅಚ್ಚಿನಲ್ಲಿ ಬಯಲು ಮಾಡಬಹುದೇ? ಕಸುಬಿನವರಿಗೆ ಇದು ಸೂಕ್ಷ್ಮ ವಿಷಯ. ಆದರೆ ಈ ಗುಟ್ಟು 1956ರಿಂದ ಗಾರ್ಡ್ನರ್ ಪುಸ್ತಕದಲ್ಲಿದೆ. ನಾವು ಯಾರ ಹೊಟ್ಟೆಯ ಮೇಲೂ ಹೊಡೆಯುತ್ತಿಲ್ಲ. ಅಲ್ಲದೆ ಗುಟ್ಟು ತಿಳಿಯದೆ ಈ ಕೃತಿಯ ಬೆಲೆ ಕಟ್ಟುವುದು ಸಾಧ್ಯವಿಲ್ಲ.

ಒಂದು ಮದುವೆ ಮನೆಯನ್ನು ಕಲ್ಪಿಸಿಕೊಳ್ಳಿ. ಹೆಣ್ಣಿನ ಕಡೆಯವರು 26 ಜನ, ಗಂಡಿನ ಕಡೆಯವರೂ 26 ಜನ ಬರಬೇಕಿತ್ತು. ಆದರೆ ಗಂಡಿನ ಕಡೆಯ ನಾಲ್ವರಿಗೆ ಬಸ್ಸು ತಪ್ಪಿತು. ಬಂದವರು ಹೆಣ್ಣಿನ ಕಡೆ 26, ಗಂಡಿನ ಕಡೆ 22. ಎಲ್ಲರೂ ಬೆಂಚಿಗೆ ಇಬ್ಬರಂತೆ ಮನಸ್ಸಿಗೆ ಬಂದ ಹಾಗೆ ಕುಳಿತರು. ಈಗ ಮನೆಯ ಯಜಮಾನರು ಬಂದು, ಯಾವ ಬೆಂಚಿನಲ್ಲಿ ಎರಡೂ ಕಡೆಯವರು ಒಬ್ಬೊಬ್ಬರು ಕುಳಿತಿದ್ದಾರೋ ಆ ಬೆಂಚಿನವರನ್ನೆಲ್ಲ ಮೊದಲ ಪಂಕ್ತಿಯ ಊಟಕ್ಕೆ ಎಬ್ಬಿಸಿದರು. ಎದ್ದ ಪ್ರತಿ ಬೆಂಚೂ ಹೆಣ್ಣಿನ ಕಡೆಯ ಒಬ್ಬರನ್ನೂ ಗಂಡಿನ ಕಡೆಯ ಒಬ್ಬರನ್ನೂ ಜೊತೆಗೇ ಕರೆದುಕೊಂಡು ಹೋಯಿತು. ಹತ್ತು ಬೆಂಚು ಎದ್ದರೆ ಎರಡೂ ಕಡೆ ಹತ್ತು ಹತ್ತು ಜನ ಕಡಿಮೆ. ಹನ್ನೆರಡು ಎದ್ದರೆ ಹನ್ನೆರಡು ಹನ್ನೆರಡು. ಎಷ್ಟು ಬೆಂಚು ಎದ್ದರೂ ಉಳಿದವರಲ್ಲಿ ಹೆಣ್ಣಿನ ಕಡೆಯವರು ನಾಲ್ವರು ಹೆಚ್ಚೇ. ಯಾರು ಎಲ್ಲಿ ಕುಳಿತರು ಎಂಬುದು ಆ ನಾಲ್ಕನ್ನು ಅಲ್ಲಾಡಿಸುವುದಿಲ್ಲ. ಅದು ತೀರ್ಮಾನವಾಗಿದ್ದು ಬಸ್ ನಿಲ್ದಾಣದಲ್ಲಿ.

ಇಸ್ಪೀಟಿನಲ್ಲೂ ಅಷ್ಟೇ. ಆಡಿಸುವವರು ಮೊದಲೇ ನಾಲ್ಕು ಕಪ್ಪು ಎಲೆಗಳನ್ನು ತೆಗೆದು ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಮೇಜಿನ ಮೇಲಿರುವುದು 48 ಎಲೆ ಮಾತ್ರ: 26 ಕೆಂಪು, 22 ಕಪ್ಪು. ಬೆರಕೆ ಜೋಡಿಗಳು ಎಷ್ಟಾದರೂ ಬರಲಿ, ಒಂದೊಂದೂ ಎರಡು ಬಣ್ಣದಿಂದಲೂ ಒಂದೊಂದು ಎಲೆಯನ್ನು ತೆಗೆಯುತ್ತದೆ. ಬೆರಕೆ ಜೋಡಿ 10 ಆದರೆ ಗುಡ್ಡೆಗಳು 16 ಮತ್ತು 12. ಬೆರಕೆ 12 ಆದರೆ 14 ಮತ್ತು 10. ಬೆರಕೆ 14 ಆದರೆ 12 ಮತ್ತು 8. ಎರಡನೆಯ ಸಲಕ್ಕೆ ಮುಂಚೆ ಆ ನಾಲ್ಕು ಎಲೆಗಳನ್ನು ಯಾರಿಗೂ ತಿಳಿಯದಂತೆ ಕಟ್ಟಿಗೆ ಸೇರಿಸಿಬಿಟ್ಟರೆ 26ಕ್ಕೆ 26 ಆಯಿತು, ವ್ಯತ್ಯಾಸ ಸೊನ್ನೆ. ಮಕ್ಕಳಿಗೆ ಒಂದು ಮನೆಗೆಲಸ: ಮೇಲಿನ ಲೆಕ್ಕದಲ್ಲಿ ಬೆರಕೆ ಜೋಡಿಗಳು ಎಂದಿಗೂ 11 ಅಥವಾ 13 ಆಗಲಾರವು, ಏಕೆ? ಬಲಗಡೆಯ ಗುಡ್ಡೆಗೆ ಎಲೆಗಳು ಎರಡೆರಡಾಗಿಯೇ ಬರುತ್ತವೆ ಎಂಬುದನ್ನು ನೆನೆದರೆ ಉತ್ತರ ಹೊಳೆಯುತ್ತದೆ.

ಗುಣಗಳು

ಈ ಕೃತಿಯ ದೊಡ್ಡ ಗುಣ ಯಾವುದನ್ನು ನುಡಿಯಬೇಕು ಎಂಬ ಆಯ್ಕೆಯಲ್ಲಿದೆ. ‘ಕೆಂಪು 14 ಬರುತ್ತದೆ’ ಎಂದು ಬರೆಯುವುದು ಜೇಮ್ಸ್ ಅವರಿಗೂ ಸಾಧ್ಯವಿರಲಿಲ್ಲ. ಅದು ಕಲಸಿದವರ ಕೈಯಲ್ಲಿದೆ. ಮೊದಲ ಸುತ್ತಿನಲ್ಲಿ ಕೆಂಪು ಗುಡ್ಡೆ 26ರಿಂದ 4ರವರೆಗೆ ಹನ್ನೆರಡು ಬಗೆಯಲ್ಲಿ ಬರಬಹುದು. ಆ ಹನ್ನೆರಡರಲ್ಲಿ ಯಾವುದು ಬರುತ್ತದೆಂದು ನುಡಿಯುವ ಗೋಜಿಗೆ ಅವರು ಹೋಗಲಿಲ್ಲ. ಹನ್ನೆರಡರಲ್ಲೂ ಬದಲಾಗದೆ ಉಳಿಯುವ ಒಂದನ್ನು ಹುಡುಕಿ ಅದನ್ನು ಚೀಟಿಯಲ್ಲಿ ಬರೆದರು. ಎಲ್ಲವೂ ಬದಲಾಗುವಲ್ಲಿ ಬದಲಾಗದ್ದನ್ನು ಗುರುತಿಸುವುದು ಗಣಿತಜ್ಞರ ಕೆಲಸ. ನಾವು ಓದಿದ ಭೌತಶಾಸ್ತ್ರದಲ್ಲಿ ಶಕ್ತಿ ಸಂರಕ್ಷಣೆ ಎಂದು ಕಲಿತದ್ದೂ ಇದೇ ಜಾತಿಯ ವಿಚಾರ. ಅದನ್ನು ಮೇಜಿನ ಮೇಲೆ ಹತ್ತು ನಿಮಿಷದ ನಾಟಕವಾಗಿಸಿದ್ದು ಜೇಮ್ಸ್ ಅವರ ಪ್ರತಿಭೆ.

ಎರಡನೆಯದು, ನಾಲ್ಕು ಎಂಬ ಸಂಖ್ಯೆ. ಎರಡೇ ಎಲೆ ತೆಗೆದರೆ ವ್ಯತ್ಯಾಸ ಎರಡು. ‘ಹೆಚ್ಚು ಕಡಿಮೆ ಸಮ ಬರುವುದು ಸಹಜ ತಾನೇ’ ಎಂದು ಜನ ಸುಮ್ಮನಾಗುತ್ತಾರೆ. ಹತ್ತು ತೆಗೆದರೆ ಕಟ್ಟು ತೆಳ್ಳಗಾಗಿ ಕಣ್ಣಿಗೇ ಗೊತ್ತಾಗುತ್ತದೆ. ನಾಲ್ಕು ಬೆರಗಿಗೂ ಸಾಕು, ಸಂಶಯಕ್ಕೂ ದೂರ. ಇನ್ನು ಒಂದನ್ನೋ ಮೂರನ್ನೋ ತೆಗೆದರೆ ಕಡೆಗೆ ಜೋಡಿಯಿಲ್ಲದ ಒಂಟಿ ಎಲೆ ಉಳಿದು ಬಣ್ಣ ಬಯಲಾಗುತ್ತದೆ.

ಮೂರನೆಯದು, ಸುತ್ತುಗಳ ಕ್ರಮ. ಮೊದಲು ಸಮ, ಆಮೇಲೆ ನಾಲ್ಕು ಎಂದಿದ್ದರೆ ಈ ಜಾದೂ ಸೋಲುತ್ತಿತ್ತು. ಕಟ್ಟಿನಲ್ಲಿ ಕೆಂಪು ಕಪ್ಪು ಸಮನಾಗಿರುವುದು ಎಲ್ಲರಿಗೂ ಗೊತ್ತು. ಆದ್ದರಿಂದ ‘ಸಮ’ ಎಂಬ ಫಲ ಬಂದೊಡನೆ ಚುರುಕಾದ ತಲೆಗೆ ದಾರಿ ಹೊಳೆಯುತ್ತದೆ. ನಾಲ್ಕು ಮೊದಲು ಬಂದಾಗ ಆ ದಾರಿ ಮುಚ್ಚುತ್ತದೆ. ಈ ವಿಧಾನವೇ ಯಾಕೋ ನಾಲ್ಕನ್ನು ಕೊಡುತ್ತಿರಬೇಕು ಎಂದು ಜನ ಊಹಿಸಲು ಹೊರಟಾಗ ಎರಡನೆಯ ಸುತ್ತಿನ ಸೊನ್ನೆ ಆ ಊಹೆಯನ್ನೂ ಕೆಡವುತ್ತದೆ. ಪ್ರೇಕ್ಷಕರು ಯಾವ ಹೆಜ್ಜೆಯಲ್ಲಿ ಏನು ಯೋಚಿಸುತ್ತಾರೆ ಎಂಬುದನ್ನು ಒಳ್ಳೆಯ ನಾಟಕಕಾರರ ಹಾಗೆ ಅವರು ಮೊದಲೇ ಅಳೆದಿದ್ದಾರೆ.

ಹೆಸರಿನ ಬಗೆಗೆ ಮಾತ್ರ ನಮ್ಮ ತಕರಾರಿದೆ. ‘ಮಿರಾಸ್ಕಿಲ್’ ಎಂಬುದು ಮಿರಕಲ್ ಮತ್ತು ಸ್ಕಿಲ್ ಎಂಬ ಎರಡು ಮಾತುಗಳನ್ನು ಬೆಸೆದಂತಿದೆ. ಅಂದರೆ ಪವಾಡ ಮತ್ತು ಕುಶಲತೆ. ಇಲ್ಲಿ ಪವಾಡವಂತೂ ಇಲ್ಲ. ಎಲೆ ಕಲಸುವವರು, ಜೋಡಿ ಬಿಡಿಸುವವರು, ಎಣಿಸುವವರು ಎಲ್ಲ ಅಜ್ಜಿಯೇ ಆದ್ದರಿಂದ ಬೆರಳ ಕುಶಲತೆಗೂ ಹೆಚ್ಚು ಎಡೆಯಿಲ್ಲ. ಇರುವುದು ಹೈಸ್ಕೂಲಿನ ಮೆಟ್ಟಿಲು ಹತ್ತದ ಮಗುವಿಗೂ ಅರ್ಥವಾಗುವ ಒಂದು ಕಳೆಯುವ ಲೆಕ್ಕ.

ದೋಷಗಳು

ಹೊಗಳಿಕೆ ಇಷ್ಟು ಸಾಕು, ಕೊರತೆಗಳನ್ನೂ ನೋಡೋಣ. ಮೊದಲನೆಯದು ನಿಧಾನಗತಿ. 24 ಜೋಡಿಗಳನ್ನು ಒಂದೊಂದಾಗಿ ತಿರುಗಿಸುವಾಗ ಏನೂ ನಡೆಯುವುದಿಲ್ಲ. ಆಡಿಸುವವರಿಗೆ ಮಾತಿನ ಬಲವಿಲ್ಲದಿದ್ದರೆ ಹತ್ತನೆಯ ಜೋಡಿಗೇ ಮಕ್ಕಳು ಸಮೋಸಾ ಟೇಬಲ್ಲಿನ ಕಡೆ ನೋಡುತ್ತಾರೆ. ಎರಡು ಸುತ್ತೆಂದರೆ ಜೋಡಿಗಳು 50. ದೊಡ್ಡ ಸಭಾಂಗಣಕ್ಕೆ ಇದು ಹೇಳಿದ್ದಲ್ಲ; ಬಣ್ಣ ಹಿಂದಿನ ಸಾಲಿಗೆ ಕಾಣಿಸದು, ಎಣಿಕೆ ಕೇಳಿಸದು. ಎಂಟು ಹತ್ತು ಜನ ಸುತ್ತ ಕುಳಿತ ಊಟದ ಮೇಜೇ ಇದಕ್ಕೆ ತಕ್ಕ ರಂಗ.

ಎರಡನೆಯದು, ಕಟ್ಟನ್ನು ಯಾರಾದರೂ ಎಣಿಸಿದರೆ ಮುಗಿಯಿತು. ಇಪ್ಪತ್ತೆಂಟು, ರಮ್ಮಿ ಆಡಿ ನುರಿತ ಹಿರಿಯರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರ ಕೈಗೆ ಕಟ್ಟು ಸಿಕ್ಕಿದರೆ ಬೆರಳುಗಳೇ ಎಣಿಸಿಬಿಡುತ್ತವೆ. ನಾಲ್ಕು ಎಲೆಗಳನ್ನು ವಾಪಸು ಸೇರಿಸುವ ಗಳಿಗೆಯೂ ಅಪಾಯದ್ದೇ. ಕೈಚಳಕ ಬೇಡದ ಈ ಜಾದೂದಲ್ಲಿ ಕಳ್ಳತನಕ್ಕೆ ಉಳಿದಿರುವ ಜಾಗ ಅದೊಂದೇ. ಇಡೀ ಲೆಕ್ಕದ ಸೊಬಗು ಜೇಬಿನಿಂದ ಕಟ್ಟಿಗೆ ಜಾರುವ ನಾಲ್ಕು ಎಲೆಗಳನ್ನು ನೆಚ್ಚಿಕೊಂಡಿರುವುದು ಸ್ವಲ್ಪ ಪೇಚಿನ ಸಂಗತಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬೆರಕೆ ಜೋಡಿಗಳನ್ನು ಪಕ್ಕಕ್ಕೆ ಇಡುವುದೇಕೆ? ಕಥೆಯ ಒಳಗೆ ಇದಕ್ಕೆ ಕಾರಣವಿಲ್ಲ. ಕೆಂಪಿಗೂ ಕಪ್ಪಿಗೂ ಪಂದ್ಯ ಎಂದ ಮೇಲೆ ಎಲ್ಲ ಎಲೆಗಳೂ ಲೆಕ್ಕಕ್ಕೆ ಬರಬೇಕಲ್ಲವೇ? ‘ಅವು ಬೇಡ, ಬಿಡಿ’ ಎಂದು ಆಡಿಸುವವರು ಎಷ್ಟು ಸಹಜವಾಗಿ ಹೇಳಿದರೂ, ಸೂಕ್ಷ್ಮವಾಗಿ ನೋಡುವ ಮಗು ‘ಅದನ್ನು ಯಾಕೆ ಬಿಡಬೇಕು?’ ಎಂದು ಕೇಳಿದರೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಗುಟ್ಟು ಇರುವುದು ಎಣಿಸುವ ಗುಡ್ಡೆಗಳಲ್ಲಿ ಅಲ್ಲ, ಎಣಿಸದೆ ಬಿಟ್ಟ ಗುಡ್ಡೆಯಲ್ಲಿ. ಜಾದೂ ಆಗಿ ಇದು ದೋಷ. ಆದರೆ ಈ ದೋಷದಲ್ಲೇ ಇದರ ದೊಡ್ಡ ಪ್ರಯೋಜನವಿದೆಯೆಂದು ನಮ್ಮ ಅಭಿಪ್ರಾಯ. ಅದಕ್ಕೆ ಮುಂದೆ ಬರುತ್ತೇವೆ.

ಗಾರ್ಡ್ನರ್ ಅವರ ಪುಸ್ತಕದ ಬಗೆಗೂ ಒಂದು ಮಾತು. ಅದರಲ್ಲಿ ವಿಧಾನವನ್ನೂ ತತ್ತ್ವವನ್ನೂ ಚುಟುಕಾಗಿ ಹೇಳಿ ಮುಂದಿನ ಜಾದೂಗೆ ಹೋಗುವುದು ಕ್ರಮ. ಓದಿದವರಿಗೆ ಅಡುಗೆಯ ಸಾಮಾನು ಸಿಗುತ್ತದೆ, ರುಚಿ ಸಿಗುವುದಿಲ್ಲ. ಓದಿ ಮುಗಿಸಿ ‘ಇಷ್ಟೇನಾ’ ಎಂದು ಪುಸ್ತಕ ಮಡಚಿಡುವ ಅಪಾಯವಿದೆ. ಎಲೆ ಹಿಡಿದು ಒಂದು ಸಲವಾದರೂ ಆಡಿಸಿ ನೋಡದವರಿಗೆ ಇದರ ಬೆಲೆ ತಿಳಿಯದು.

ಹೋಲಿಕೆಗೆ ಇನ್ನೊಂದು

ಇದೇ ಕುಲದ ಇನ್ನೊಂದು ಜಾದೂವಿನ ಪಕ್ಕದಲ್ಲಿಟ್ಟು ನೋಡಿದರೆ ಮಿರಾಸ್ಕಿಲ್‌ನ ಸ್ವಭಾವ ಇನ್ನೂ ಸ್ಪಷ್ಟವಾಗುತ್ತದೆ. ಅಮೆರಿಕದ ವಿಜ್ಞಾನಿ ಮಾರ್ಟಿನ್ ಕ್ರಸ್ಕಲ್ (1925–2006) ಅವರ ಹೆಸರಿನಲ್ಲಿ ‘ಕ್ರಸ್ಕಲ್ ಎಣಿಕೆ’ ಎಂಬುದೊಂದಿದೆ. ಪ್ರೇಕ್ಷಕರು ಒಂದರಿಂದ ಹತ್ತರೊಳಗೆ ಒಂದು ಸಂಖ್ಯೆಯನ್ನು ಮನಸ್ಸಿನಲ್ಲೇ ನೆನೆಯುತ್ತಾರೆ. ಕಲಸಿದ ಕಟ್ಟಿನಿಂದ ಎಲೆಗಳನ್ನು ಒಂದೊಂದಾಗಿ ತೆರೆಯುತ್ತ ಹೋದಾಗ ಆ ಸಂಖ್ಯೆಯ ಎಲೆ ಅವರ ಮೊದಲ ಗುರುತು. ಆ ಎಲೆಯ ಬೆಲೆ ಎಷ್ಟೋ ಅಷ್ಟು ಎಲೆ ಮುಂದೆ ಹೋದರೆ ಎರಡನೆಯ ಗುರುತು. ಎಕ್ಕಕ್ಕೆ ಒಂದು, ರಾಜ, ರಾಣಿ, ಗುಲಾಮರಿಗೆ ಐದು. ಹೀಗೆ ಕಟ್ಟು ಮುಗಿಯುವವರೆಗೆ ಮನಸ್ಸಿನಲ್ಲೇ ನಡೆಯುತ್ತ ಹೋದರೆ ಕಡೆಯ ಗುರುತು ಯಾವ ಎಲೆಯೋ, ಅದನ್ನು ಆಡಿಸುವವರು ಹೇಳಿಬಿಡುತ್ತಾರೆ.

ಇಲ್ಲಿ ಬಚ್ಚಿಟ್ಟ ಎಲೆ ಇಲ್ಲ. ಆಡಿಸುವವರೂ ತಮ್ಮದೇ ಒಂದು ಸಂಖ್ಯೆಯಿಂದ ಆರಂಭಿಸಿ ಹಾಗೇ ಎಣಿಸುತ್ತ ಬರುತ್ತಾರೆ. ಇಬ್ಬರ ಹೆಜ್ಜೆಗಳು ಎಲ್ಲಾದರೂ ಒಂದೇ ಎಲೆಯ ಮೇಲೆ ಬಿದ್ದರೆ ಅಲ್ಲಿಂದ ಮುಂದೆ ಇಬ್ಬರದೂ ಒಂದೇ ದಾರಿ. ಬೇರೆ ಬೇರೆ ಹಳ್ಳಿಯ ಕಾಲುದಾರಿಗಳು ಸಂತೆಯ ದಾರಿಗೆ ಬಂದು ಸೇರುವ ಹಾಗೆ. ಆದರೆ ಸೇರಲೇಬೇಕೆಂಬ ಖಾತರಿಯಿಲ್ಲ. 52 ಎಲೆಗಳಲ್ಲಿ ಇದು ಗೆಲ್ಲುವುದು ಸುಮಾರು ನೂರಕ್ಕೆ 85 ಸಲ. ಆರೇಳು ಸಲಕ್ಕೊಮ್ಮೆ ಆಡಿಸುವವರು ಎಲ್ಲರ ಮುಂದೆ ಪೆಚ್ಚಾಗಬೇಕು.

ಕ್ರಸ್ಕಲ್ ಎಣಿಕೆ ಹೆಚ್ಚು ಚೆಲುವಾದದ್ದು, ಪ್ರಾಮಾಣಿಕವಾದದ್ದು ಎನ್ನುವವರಿದ್ದಾರೆ. ಒಪ್ಪುವಂಥ ಮಾತೇ. ಆದರೆ ನಮಗೆ ಮುಖ್ಯವಾಗಿ ಕಾಣುವುದು ಇದು: ನಿಜವಾಗುವ ಭವಿಷ್ಯದಲ್ಲಿ ಎರಡು ಬಗೆ. ಒಂದು, ಬದಲಾಗದ್ದನ್ನು ನುಡಿಯುವುದು. ಅದು ಯಾವಾಗಲೂ ನಿಜ. ಇನ್ನೊಂದು, ಸಂಭವ ಹೆಚ್ಚಿರುವುದನ್ನು ನುಡಿಯುವುದು. ಅದು ಬಹುಮಟ್ಟಿಗೆ ನಿಜ, ಎಷ್ಟು ಸಲ ಸುಳ್ಳಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಎರಡನ್ನೂ ಯಾರು ಬೇಕಾದರೂ ಮನೆಯಲ್ಲಿ ಕುಳಿತು ಪರೀಕ್ಷಿಸಬಹುದು.

ಆಡಿಸುವವರ ಮಾತು

ಈಗ ನಮ್ಮ ನಿಜವಾದ ಆಕ್ಷೇಪಕ್ಕೆ ಬರೋಣ. ಅದು ಜೇಮ್ಸ್ ಅವರ ಮೇಲಲ್ಲ, ಇಂಥ ಜಾದೂಗಳನ್ನು ಆಡಿಸುವಾಗ ರೂಢಿಯಲ್ಲಿರುವ ಮಾತಿನ ಮೇಲೆ. ‘ನನಗೆ ನಿಮ್ಮ ಮನಸ್ಸು ಕಾಣುತ್ತಿದೆ’, ‘ನನಗೊಂದು ಶಕ್ತಿ ಇದೆ’ ಎಂದು ಕಣ್ಣು ಮುಚ್ಚಿ ಹೇಳುವ ಮಾತು. ರಂಗದ ಮೇಲೆ ವೃತ್ತಿಯವರು ಹೀಗೆ ಹೇಳಿದರೆ ಅದು ವೇಷದ ಭಾಗವೆಂದು ಬಿಡಬಹುದು. ಆದರೆ ನಂಬುವ ಮಕ್ಕಳ ಮುಂದೆ, ನಂಬುವ ಹಿರಿಯರ ಮುಂದೆ, ಮನೆಯ ಮೇಜಿನಲ್ಲಿ ಹೀಗೆ ಹೇಳಿ ಹಾಗೇ ಬಿಟ್ಟುಬಿಡುವುದು ಸರಿಯಲ್ಲ. ಕಳೆಯುವ ಲೆಕ್ಕಕ್ಕೆ ಶಕ್ತಿಯ ವೇಷ ತೊಡಿಸಿದಾಗ ಲೆಕ್ಕಕ್ಕೂ ಅವಮಾನ, ಕೇಳುವವರಿಗೂ ಮೋಸ.

ನಮ್ಮ ನಾಡಿನ ಶಕುಂತಲಾ ದೇವಿಯವರ (1929–2013) ಬಾಳನ್ನು ಇಲ್ಲಿ ನೆನೆಯಬಹುದು. ಬೆಂಗಳೂರಿನಲ್ಲಿ ಹುಟ್ಟಿದ ಅವರ ತಂದೆ ಸರ್ಕಸ್ಸಿನಲ್ಲಿದ್ದವರು. ಮೂರು ವರ್ಷದ ಮಗಳಿಗೆ ಇಸ್ಪೀಟಿನ ಜಾದೂ ಕಲಿಸುವಾಗಲೇ ಅವಳ ಅಸಾಧಾರಣ ನೆನಪಿನ ಶಕ್ತಿ ಅವರ ಕಣ್ಣಿಗೆ ಬಿತ್ತೆಂದು ಹೇಳುತ್ತಾರೆ. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು ಅವರು 28 ಸೆಕೆಂಡಿನಲ್ಲಿ ಮನಸ್ಸಿನಲ್ಲೇ ಗುಣಿಸಿದ್ದು ಲೋಕಪ್ರಸಿದ್ಧ. ಅವರೇ ಜ್ಯೋತಿಷ್ಯವನ್ನೂ ಹೇಳುತ್ತಿದ್ದರು, ಅದರ ಮೇಲೆ ಪುಸ್ತಕವನ್ನೂ ಬರೆದರು. ಅವರ ಗುಣಾಕಾರ ಸರಿಯೇ ಎಂದು ಯಾರು ಬೇಕಾದರೂ ಕಾಗದದ ಮೇಲೆ ಗುಣಿಸಿ ನೋಡಬಹುದಿತ್ತು. ಜ್ಯೋತಿಷ್ಯಕ್ಕೆ ಅಂಥ ಕಾಗದವಿಲ್ಲ. ಒಬ್ಬರದೇ ಬಾಳಿನಲ್ಲಿ ಅಕ್ಕಪಕ್ಕ ಇದ್ದ ಈ ಎರಡರ ಅಂತರವನ್ನು ನಮ್ಮ ಮಕ್ಕಳು ಅರಿಯಬೇಕು.

ಆ ಅಂತರಕ್ಕಾಗಿ ದನಿಯೆತ್ತಿದವರೂ ನಮ್ಮವರೇ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿಯನ್ನು ರಚಿಸಿದರು. ನಮ್ಮಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಓದಿದವರಿಗೆ ಎಚ್ಚೆನ್ ಎಂದರೆ ಬೇರೆ ಪರಿಚಯ ಬೇಕಿಲ್ಲ. ಅದೇ 1976ರಲ್ಲಿ ಅಮೆರಿಕದಲ್ಲೂ ಅಲೌಕಿಕವೆನ್ನುವ ವಾದಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸುವ ಒಂದು ಸಮಿತಿ ಹುಟ್ಟಿತು. ಅದರ ಸ್ಥಾಪಕ ಸದಸ್ಯರಲ್ಲಿ ಒಬ್ಬರು ಇದೇ ಮಾರ್ಟಿನ್ ಗಾರ್ಡ್ನರ್. ಜಾದೂ ಬಲ್ಲವರು ಈ ಕೆಲಸಕ್ಕೆ ಇಳಿದದ್ದು ಆಕಸ್ಮಿಕವಲ್ಲ. ಲೋಟದ ಕೆಳಗಿನ ಚೀಟಿ ನಿಜವಾಗುವುದು ಹೇಗೆಂದು ಬಲ್ಲವರಿಗೆ ‘ನಿಜವಾಯಿತಲ್ಲ’ ಎಂಬ ಒಂದೇ ಮಾತು ಪುರಾವೆಯಾಗುವುದಿಲ್ಲ.

ಪಕ್ಕಕ್ಕಿಟ್ಟ ಎಲೆಗಳ ಮಾತಿಗೆ ಈಗ ಬರೋಣ. ಜಾತಕ ನೋಡಿ ಮುಹೂರ್ತವಿಡುವ ಹಿರಿಯರನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಅದರಲ್ಲಿ ಮನೆತನದ ರೂಢಿಯಿದೆ, ಮನಸ್ಸಿಗೊಂದು ಸಮಾಧಾನವಿದೆ. ಆದರೆ ಪರದೇಶದಲ್ಲಿ ನೆಲೆಸಿದವರಿಗೆ ಆತಂಕಗಳು ಹೆಚ್ಚು: ವೀಸಾ, ಕೆಲಸ, ಮಗಳ ಮದುವೆ, ಊರಲ್ಲಿ ಒಂಟಿಯಾಗಿರುವ ತಾಯಿಯ ಆರೋಗ್ಯ. ಆ ಆತಂಕಕ್ಕೆ ಬೆಲೆ ಕಟ್ಟಿ, ‘ಇಂತಿಷ್ಟು ಡಾಲರ್ ಕೊಟ್ಟರೆ ಭವಿಷ್ಯ, ಇನ್ನಷ್ಟು ಕೊಟ್ಟರೆ ಪರಿಹಾರ’ ಎನ್ನುವವರೂ ಇದ್ದಾರೆ. ಅವರು ನುಡಿದದ್ದರಲ್ಲಿ ಕೂಡಿಬಂದವನ್ನು ನಾವು ನೆನಪಿಟ್ಟು ಹತ್ತು ಮನೆಗೆ ಹೇಳುತ್ತೇವೆ. ಕೂಡಿಬರದವನ್ನು, ಅತ್ತಲೂ ಅಲ್ಲದ ಇತ್ತಲೂ ಅಲ್ಲದವನ್ನು, ಅರಿವಿಲ್ಲದೆಯೇ ಪಕ್ಕಕ್ಕೆ ಇಟ್ಟುಬಿಡುತ್ತೇವೆ. ಆ ಗುಡ್ಡೆಯನ್ನು ಯಾರೂ ಎಣಿಸುವುದಿಲ್ಲ.

ಮಿರಾಸ್ಕಿಲ್ ಆಡಿ, ಗುಟ್ಟು ತಿಳಿದು, ನಕ್ಕ ಮಗು ಎರಡು ಪ್ರಶ್ನೆಗಳನ್ನು ಕಲಿತಿರುತ್ತದೆ. ಕಲಸುವ ಮುಂಚೆಯೇ ತೀರ್ಮಾನವಾಗಿದ್ದು ಏನು? ಎಣಿಸದೆ ಪಕ್ಕಕ್ಕೆ ಇಟ್ಟದ್ದು ಏನು? ಭವಿಷ್ಯ ನುಡಿಯುವವರ ಮುಂದೆ ಮಾತ್ರವಲ್ಲ, ಜಾಹೀರಾತು, ಚುನಾವಣೆಯ ಭಾಷಣ, ಷೇರು ಮಾರುಕಟ್ಟೆಯ ಸಲಹೆ ಎಲ್ಲದರ ಮುಂದೆಯೂ ಈ ಎರಡು ಪ್ರಶ್ನೆಗಳು ಕೆಲಸಕ್ಕೆ ಬರುತ್ತವೆ.

ಗುಟ್ಟು ಹೇಳಿದರೆ ಬೆರಗು ಸಾಯುತ್ತದೆ ಎಂಬ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕೆಲವು ಜಾದೂಗಳ ವಿಷಯದಲ್ಲಿ ಅದು ನಿಜ. ತೋಳಿನಲ್ಲಿ ಬಚ್ಚಿಟ್ಟ ಪಾರಿವಾಳ ಕಂಡೊಡನೆ ಬೆರಗು ಹೋಗಿ ಬೇಸರವಷ್ಟೇ ಉಳಿಯುತ್ತದೆ. ಲೆಕ್ಕದ ಜಾದೂ ಹಾಗಲ್ಲ. ಅಷ್ಟು ಕಲಸಿದರೂ ನಾಲ್ಕು ನಾಲ್ಕಾಗಿಯೇ ಉಳಿಯಿತು ಎಂಬ ಬೆರಗು ಒಂದಾದರೆ, ಉಳಿಯದೆ ಬೇರೆ ದಾರಿಯೇ ಇರಲಿಲ್ಲ ಎಂಬುದು ಅದಕ್ಕಿಂತ ದೊಡ್ಡದು. ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಬಚ್ಚಿಡುವವರು ಊಟ ಬಡಿಸಿ ಪಾಯಸ ಮರೆತವರ ಹಾಗೆ.

ನಮ್ಮ ತೀರ್ಪು ಇಷ್ಟು: ಜಾದೂ ಆಗಿ ಮಿರಾಸ್ಕಿಲ್ ನಿಧಾನ, ದೊಡ್ಡ ವೇದಿಕೆಗೆ ಒಗ್ಗದು, ಮೂರನೆಯ ಸಲ ಆಡಿಸಿದರೆ ಸಿಕ್ಕಿಬೀಳುತ್ತದೆ. ಮನೆಮಂದಿಯ ನಡುವಿನ ಪಾಠವಾಗಿ ಇದಕ್ಕೆ ಸಮನಾದದ್ದು ಕಡಿಮೆ. ಜೇಮ್ಸ್ ಅವರ ಕೃತಿಗಳನ್ನು ಟೊರಾಂಟೋದ ರೇಡಿಯೋ ಉದ್ಯಮಿ, ಜಾದೂ ಪ್ರೇಮಿ ಅಲನ್ ಸ್ಲೇಟ್ ಅವರು ಮುತುವರ್ಜಿಯಿಂದ ಸಂಪುಟಗಳಾಗಿ ಹೊರತಂದರು. ‘ದಿ ಜೇಮ್ಸ್ ಫೈಲ್’ 2000ದಲ್ಲಿ ಬಂತು. ಆಸಕ್ತರು ಹುಡುಕಿ ಓದಬಹುದು. ಓದದವರೂ ಬರುವ ದೀಪಾವಳಿಗೆ ಮನೆಯಲ್ಲಿ ಇದನ್ನು ಆಡಬಹುದು. ಆಡಿಸುವವರು ಮಕ್ಕಳೇ ಆಗಲಿ, ಕಲಸುವವರು ಅಜ್ಜಿ ತಾತಂದಿರಾಗಲಿ. ಚೀಟಿಯನ್ನು ಕನ್ನಡದಲ್ಲೇ ಬರೆಯಿಸಿ, ಗಟ್ಟಿಯಾಗಿ ಓದಿಸಿ. ಕನ್ನಡ ಶಾಲೆಗೆ ಹೋಗಲು ಹಟ ಮಾಡುವ ಮಗುವೂ ಈ ಒಂದು ಸಾಲನ್ನು ಖುಷಿಯಿಂದ ಬರೆದೀತು. ಎರಡು ಸುತ್ತು ಮುಗಿದು ಎಲ್ಲರೂ ‘ಹೇಗೆ?’ ಎಂದಾಗ, ಪಕ್ಕಕ್ಕಿಟ್ಟ ಗುಡ್ಡೆಯನ್ನು ಮೇಜಿನ ಮಧ್ಯಕ್ಕೆ ತಳ್ಳಿ, ‘ಇದರಲ್ಲಿ ಕೆಂಪೆಷ್ಟು, ಕಪ್ಪೆಷ್ಟು ಎಣಿಸಿ ನೋಡಿ’ ಎಂದು ಆ ಮಗುವಿನ ಕೈಯಿಂದಲೇ ಹೇಳಿಸಿ.